ದುಡಿಮೆ ನಮ್ಮದು, ಆಯ್ಕೆಯೂ ನಮ್ಮದಾಗಲಿ

(ಸಂಘದ ವಾರ್ಷಿಕೋತ್ಸವದ ಸಂಜೆ ಸಮಾಜ ಮಂದಿರದ ಅಂಗಳದಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಬರೆದುಕೊಂಡಿದ್ದೇವೆ.)



ಭಾಷಣ ಮಾಡೋದು ನನ್ನ ಕೆಲಸ ಅಲ್ಲ. ನನ್ನ ಕೆಲಸ ಸುಟ್ಟ ಮೋಟಾರು ರಿಪೇರಿ ಮಾಡೋದು. ತಾಲೂಕಿನ ಊರಿನಲ್ಲಿ ನನ್ನದೊಂದು ರಿವೈಂಡಿಂಗ್ ಅಂಗಡಿ ಇದೆ ಅನ್ನೋದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಸಂಘದ ಹುಡುಗರು ಹೋದ ವಾರ ಅಂಗಡಿಗೆ ಬಂದು, "ಅಣ್ಣಾ, ವಯಸ್ಸಿಗೆ ಬಂದ ಹುಡುಗರು ಕೆಲಸದಾಗ ಸುಖ ಹೆಂಗ ಕಾಣಬೇಕು, ಬಾಳಿಗೊಂದು ಗುರಿ ಹೆಂಗ ಹುಡುಕಬೇಕು, ಅದರ ಬಗ್ಗೆ ನಾಕು ಮಾತು ಹೇಳ್ರಿ" ಅಂದರು. ನನಗೆ ಮೊದಲು ನಗು ಬಂತು. ನಮ್ಮ ಮಂದಿ ಈ ಪ್ರಶ್ನೆ ಯಾವಾಗ ಕೇಳಿದ್ದಾರೆ? ಕೆಲಸ ಸಿಗ್ತದೋ ಇಲ್ಲೋ, ಸಂಜೆ ರೊಟ್ಟಿ ಆಗ್ತದೋ ಇಲ್ಲೋ, ಇದೇ ನಮ್ಮ ಪ್ರಶ್ನೆ ಆಗಿತ್ತು.

ಅವತ್ತು ರಾತ್ರಿ ಮನೆಗೆ ಹೋಗಿ ನಮ್ಮ ಅವ್ವನನ್ನು ಕೇಳಿದೆ. ಅವ್ವ ಇಪ್ಪತ್ತು ವರ್ಷ ಕಬ್ಬು ಕಡಿದಾಕಿ. "ಅವ್ವಾ, ನಿನಗ ಕೆಲಸದಾಗ ಯಾವಾಗರ ಖುಷಿ ಆಗಿತ್ತೇನು?" ಅಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಕೆಲಸ ಮುಗದಾಗ ಖುಷಿ ಆಗ್ತಿತ್ತು ನೋಡಪಾ" ಅಂದಳು.

ಆ ಒಂದು ಮಾತಿನಲ್ಲಿ ನಮ್ಮ ಹಿಂದಿನ ಮೂರು ತಲೆಮಾರಿನ ಕತೆ ಇದೆ. ಅದಕ್ಕೇ ಈ ವಿಷಯ ಮಾತಾಡಬೇಕು ಅಂತ ನನಗೆ ಅನಿಸಿತು. ಸುಖ ಅನ್ನೋದು ದೊಡ್ಡ ಮನೆಯವರ ಚಿಂತೆ, ನಮಗ್ಯಾಕೆ ಬೇಕು ಅಂತ ಬಿಟ್ಟುಬಿಟ್ಟರೆ ನಾವೇ ನಮಗೆ ಮೋಸ ಮಾಡಿಕೊಂಡಂಗೆ.

ಮೊದಲು ಅಜ್ಜನಿಂದ ಶುರು ಮಾಡ್ತೀನಿ. ನಮ್ಮ ಅಜ್ಜನದು ವತನದ ಚಾಕರಿ. ಸರಕಾರಿ ಮಂದಿ ಊರಿಗೆ ಬಂದರೆ ಅವರ ಮುಂದೆ ಓಡಬೇಕು. ಯಾರಾದರೂ ಸತ್ತರೆ ಸುದ್ದಿ ಮುಟ್ಟಿಸಲು ಹತ್ತು ಹರದಾರಿ ನಡೀಬೇಕು. ಸತ್ತ ದನ ಎಳೀಬೇಕು. ರಾತ್ರಿ ಕಾವಲು ಕಾಯಬೇಕು. ಇದಕ್ಕೆ ಪಗಾರ ಇಲ್ಲ. ಒಂದು ತುಂಡು ವತನದ ಹೊಲ, ಸುಗ್ಗಿಯಲ್ಲಿ ಮನೆಮನೆಗೂ ಹೋಗಿ ಕೈಚಾಚಿ ತರುವ ಕಾಳು. ಅಜ್ಜ ಈ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ. ಹುಟ್ಟಿದ್ದೇ ಅರ್ಜಿ ಆಗಿತ್ತು. ರಾಜೀನಾಮೆ ಕೊಡಲಿಕ್ಕೂ ಬರುತ್ತಿರಲಿಲ್ಲ.

ಈ ಚಾಕರಿಯ ಬಗ್ಗೆ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ತಂದರು. ಅವತ್ತು ಅದು ಪಾಸಾಗಲಿಲ್ಲ. ಕೊನೆಗೆ 1958ರಲ್ಲಿ ಕಾನೂನು ಬಂತು, ಕೆಳಗಿನ ವತನಗಳು ರದ್ದಾದವು. ಆ ಹೊತ್ತಿಗೆ ಬಾಬಾಸಾಹೇಬರು ನಮ್ಮ ಜೊತೆ ಇರಲಿಲ್ಲ. ಮೂವತ್ತು ವರ್ಷ ಹಿಡೀತು ನೋಡ್ರಿ, 'ಈ ಕೆಲಸ ನಾ ಮಾಡೂದಿಲ್ಲ' ಅನ್ನೋ ಒಂದು ಮಾತಿಗೆ ಕಾನೂನಿನ ಬಲ ಸಿಗಲಿಕ್ಕೆ.

ಬಾಬಾಸಾಹೇಬರು 1936ರಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ' ಪುಸ್ತಕ ನಮ್ಮ ಸಂಘದ ಕಪಾಟಿನಲ್ಲಿದೆ. ಓದದಿದ್ದವರು ಓದ್ರಿ. ಜಾತಿ ಅಂದರೆ ಕೆಲಸ ಹಂಚಿಕೊಂಡು ಮಾಡುವ ವ್ಯವಸ್ಥೆ ಅಂತ ಕೆಲವರು ವಾದ ಮಾಡ್ತಾರೆ. ಬಾಬಾಸಾಹೇಬರು ಅದಕ್ಕೆ ಕೊಟ್ಟ ಉತ್ತರ ಅಲ್ಲಿದೆ. ಜಾತಿ ಬರೇ ಕೆಲಸ ಹಂಚೋದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ಒಡೆದು ಇಡ್ತದೆ ಅಂತ ಅವರು ತೋರಿಸಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಅದನ್ನು ನಾವು ಅಷ್ಟು ಲಕ್ಷ್ಯ ಕೊಟ್ಟು ಓದಿಲ್ಲ. ಹುಟ್ಟಿನಿಂದ ತಲೆಗೆ ಕಟ್ಟಿದ ಕೆಲಸದಲ್ಲಿ ಮನುಷ್ಯನ ಮನಸ್ಸೂ ಇರೋದಿಲ್ಲ, ಬುದ್ಧಿಯೂ ಇರೋದಿಲ್ಲ. ಅವನ ಗುಣ, ಇಷ್ಟ ಯಾವುದಕ್ಕೂ ಅಲ್ಲಿ ಜಾಗ ಇಲ್ಲ. ಹಂಗಾಗಿ ಅಂಥ ಕೆಲಸ ಚಲೋ ಆಗೋದೂ ಇಲ್ಲ, ಇದು ಅವರ ಮಾತಿನ ಸಾರ. ಅಂದರೆ ಕೆಲಸದಲ್ಲಿ ಮನಸ್ಸಿರಬೇಕು ಅನ್ನೋದು ದೊಡ್ಡ ಮನೆಯವರ ಚಿಂತೆ ಅಲ್ಲ. ಅದು ನಮ್ಮ ಚಳವಳಿಯ ಒಳಗಿನ ಮಾತು.

ಇಲ್ಲಿ ನಮ್ಮ ಶರಣರ ಮಾತೂ ಬರ್ತದೆ. ನಾವು ಸೊಲ್ಲಾಪುರ ಸೀಮೆಯವರು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿದ್ದು ಇದೇ ನೆಲದಲ್ಲಿ. ಶರಣರು ದುಡಿಮೆಗೆ ಕಾಯಕ ಅಂದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ಸು ಸುರಿದು ಬಾ ಅಂತ ಕಳಿಸಿದ ಕತೆ ನಮ್ಮ ಅವ್ವಂದಿರಿಗೆಲ್ಲ ಗೊತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಇವರೆಲ್ಲ ನಮ್ಮವರೇ. ಬಹಳ ದೊಡ್ಡ ಮಾತು ಅದು.

ಆದರೆ ಇವತ್ತು ಆ ಮಾತನ್ನು ಯಾರು, ಯಾರಿಗೆ ಹೇಳ್ತಾರೆ ನೋಡ್ರಿ. ಗಟಾರಿಗೆ ಇಳಿಯುವವನಿಗೆ, 'ಇದು ನಿನ್ನ ಕಾಯಕ, ಖುಷಿಯಿಂದ ಮಾಡಪಾ' ಅಂತ ಹೇಳ್ತಾರೆ. ಹೇಳುವವನು ತನ್ನ ಮಗನನ್ನು ಆ ಕಾಯಕಕ್ಕೆ ಕಳಿಸ್ತಾನೇನು? ಶರಣರ ಕಾಯಕದಲ್ಲಿ ಎರಡು ಸಂಗತಿ ಇದ್ದವು. ದುಡಿದವನಿಗೆ ಎಲ್ಲರ ಸಮ ಕೂರುವ ಜಾಗ ಇತ್ತು, ತಪ್ಪು ಕಂಡರೆ ಬಾಯಿಬಿಟ್ಟು ಹೇಳುವ ಹಕ್ಕಿತ್ತು. ಆ ಎರಡನ್ನು ಕಿತ್ತುಹಾಕಿ ಬರೇ ದುಡಿಮೆಯನ್ನು ನಮ್ಮ ಕೈಗೆ ಕೊಟ್ಟು ಕಾಯಕ ಅಂತ ಕರೆದರೆ ಅದು ಹಳೇ ವತನವೇ.

ಬೆಜವಾಡ ವಿಲ್ಸನ್ ಅವರ ಹೆಸರು ಕೇಳಿದ್ದೀರಿ. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು. ಅವರ ಮನೆಯವರು ಆ ಊರಿನ ಒಣ ಪಾಯಖಾನೆಗಳನ್ನು ಬಳಿಯುವ ಕೆಲಸದಲ್ಲಿದ್ದರು. ವಿಲ್ಸನ್ ಓದಿ, ಕೆಲಸ ಬೇಕು ಅಂತ ಉದ್ಯೋಗ ವಿನಿಮಯ ಕಚೇರಿಗೆ ಹೋದರು. ಯಾವ ಕೆಲಸ ಬೇಕು ಅಂತ ಕೇಳದೆಯೇ ಅವರ ಫಾರಂ ಮೇಲೆ ಜಾಡಮಾಲಿ ಕೆಲಸ ಅಂತ ಬರೆದರು. ಓದಿದ ಓದಿಗೆ ಬೆಲೆ ಇಲ್ಲ, ಹುಟ್ಟಿಗೆ ಮಾತ್ರ ಬೆಲೆ. ಆ ಕಾಗದ ಹರಿದುಹಾಕಿ ಹೊರಗೆ ಬಂದ ಹುಡುಗ ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಕೈಯಿಂದ ಮಲ ಬಳಿಸೋದನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂದವು. 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಟಾರಿನಲ್ಲಿ ಸತ್ತವರ ಮನೆಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಇಷ್ಟಾದರೂ ಗಟಾರಿನ ಸಾವಿನ ಸುದ್ದಿ ನಿಂತಿಲ್ಲ.

ಹಂಗಾದರೆ ನಾನು ಹೇಳುವ ಮೊದಲ ಮಾತು ಇದು. ಯಾವ ಕೆಲಸದಲ್ಲಾದರೂ ಸುಖ ಕಾಣು ಅಂತ ನಮಗೆ ಬೋಧನೆ ಮಾಡುವವರು ಇರ್ತಾರೆ. ಅವರ ಮಾತು ನಂಬಬೇಡ್ರಿ. ಬೇಡ ಅನ್ನುವ ಹಕ್ಕು ಇದ್ದ ಕಡೆ ಮಾತ್ರ ಸುಖ ಹುಟ್ಟುತ್ತದೆ.

ಎರಡನೇ ಮಾತು, ಹಿಂದೆ ಗೋಡೆಗೆ ನಿಂತ ತಮ್ಮಂದಿರಿಗೆ. ನೀವೆಲ್ಲ ಇಪ್ಪತ್ತೆರಡು, ಇಪ್ಪತ್ತೈದು ವಯಸ್ಸಿನವರು. ಬಾಬಾಸಾಹೇಬರ ಫೋಟೊ ಅಂದರೆ ನಮ್ಮ ಕಣ್ಣಿಗೆ ಬರೋದು ನೀಲಿ ಕೋಟು, ಕೈಯಲ್ಲಿ ಸಂವಿಧಾನ, ವಯಸ್ಸಾದ ಮುಖ. ಆದರೆ ಅವರೂ ಒಂದು ಕಾಲಕ್ಕೆ ನಿಮ್ಮಂಗೇ ಕೆಲಸ ಹುಡುಕುವ ಹುಡುಗ ಆಗಿದ್ದರು. ಆ ಕತೆ ಸ್ವಲ್ಪ ಹೇಳ್ತೀನಿ.

1917. ಬಾಬಾಸಾಹೇಬರಿಗೆ 26 ವರ್ಷ. ಅಮೆರಿಕದ ಕೊಲಂಬಿಯಾದಲ್ಲಿ ಓದಿದ್ದರು, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿ ವೇತನದ ಕರಾರಿನ ಪ್ರಕಾರ ಬರೋಡಾದಲ್ಲಿ ನೌಕರಿ ಮಾಡಬೇಕಿತ್ತು. ಹೋದರು. ಕಚೇರಿಯಲ್ಲಿ ಜವಾನರು ಫೈಲು ಕೈಗೆ ಕೊಡುತ್ತಿರಲಿಲ್ಲ, ದೂರದಿಂದ ಒಗೀತಿದ್ದರು. ಊರಲ್ಲಿ ಇರಲಿಕ್ಕೆ ಮನೆ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೇ ದಿನ ಬಡಿಗೆ ಹಿಡಿದ ಗುಂಪೊಂದು ಬಂದು, ಇವತ್ತೇ ಖಾಲಿ ಮಾಡು ಅಂತ ಬೆದರಿಸಿತು. ಗೆಳೆಯರ ಮನೆಯಲ್ಲೂ ಜಾಗ ಸಿಗಲಿಲ್ಲ. ಅಷ್ಟು ಓದಿದ ಮನುಷ್ಯ ಊರಿನ ತೋಟದಲ್ಲಿ ಕೂತು ಅತ್ತು, ರಾತ್ರಿ ರೈಲಿಗೆ ಮುಂಬಯಿಗೆ ವಾಪಸ್ಸು ಬಂದರು.

ಅಲ್ಲಿಗೆ ಕತೆ ಮುಗೀಲಿಲ್ಲ. ಮುಂಬಯಿಯಲ್ಲಿ ಮನೆಪಾಠ ಹೇಳಿದರು. ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಧಂದೆ ಶುರು ಮಾಡಿದರು. ಅವರ ಜಾತಿ ಗೊತ್ತಾಗಿ ಗಿರಾಕಿಗಳು ಬರೋದು ನಿಂತಿತು, ಧಂದೆ ಮುಚ್ಚಬೇಕಾಯಿತು. 1918ರಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅಲ್ಲೂ ಕೆಲವು ಪ್ರಾಧ್ಯಾಪಕರು ಅವರು ಒಂದೇ ಕೊಡದ ನೀರು ಕುಡಿಯೋದಕ್ಕೆ ತಕರಾರು ತೆಗೆದರು. ಹುಡುಗರು ಮಾತ್ರ ಅವರ ಪಾಠ ಕೇಳಲು ಬರ್ತಿದ್ದರು. ಉಳಿಸಿದ ರೊಕ್ಕ ತಗೊಂಡು ಮತ್ತೆ ಲಂಡನ್ನಿಗೆ ಹೋಗಿ ಬಿಟ್ಟ ಓದು ಮುಗಿಸಿದರು, ಬ್ಯಾರಿಸ್ಟರ್ ಆಗಿ 1923ರಲ್ಲಿ ಬಂದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾ ತನ್ನ ವಿದ್ಯಾರ್ಥಿ ವಸತಿಗೃಹ ತೆರೆದದ್ದು ಎಲ್ಲಿ ಗೊತ್ತಾ? 1925ರಲ್ಲಿ, ನಮ್ಮ ಸೊಲ್ಲಾಪುರದಲ್ಲಿ.

ಬರೋಡಾದ ತೋಟದಲ್ಲಿ ಅತ್ತ ಆ ಹುಡುಗನಿಗೂ ಸೊಲ್ಲಾಪುರದಲ್ಲಿ ಎದ್ದ ವಸತಿಗೃಹಕ್ಕೂ ನಡುವೆ ಎಂಟು ವರ್ಷ. ಆ ಎಂಟು ವರ್ಷದಲ್ಲಿ ಎಷ್ಟು ಕೆಲಸ ಬದಲಾದವು ಎಣಿಸಿ ನೋಡ್ರಿ. ನೌಕರಿ ಬೇರೆ, ಬಾಳಿನ ಕೆಲಸ ಬೇರೆ ಅಂತ ನಾನು ಕಲಿತದ್ದು ಇಲ್ಲಿ. ನೌಕರಿ ಹೋದರೆ ಬಾಳು ಹೋಗೋದಿಲ್ಲ. ಹಂಗಂತ ನೌಕರಿ ಬೇಡ ಅಂತಲ್ಲ. ಆ ಪಗಾರಿನಲ್ಲಿ ಉಳಿಸಿದ ರೊಕ್ಕ ಅವರ ಲಂಡನ್ ಓದಿಗೆ ಒದಗಿತು.

ಈಗ ನನ್ನ ಕತೆ. ಬಾಬಾಸಾಹೇಬರ ಜೊತೆ ಇಡುವಂಥದ್ದಲ್ಲ. ಆದರೂ ನೀವು ಕಣ್ಣಾರೆ ಕಂಡದ್ದು, ಅದಕ್ಕೆ ಹೇಳ್ತೀನಿ.

ದಸರಾ ಆದ ಮೇಲೆ ಅಪ್ಪ ಅವ್ವ ಕಬ್ಬಿಗೆ ಹೋಗ್ತಿದ್ದರು. ಮುಕಾದಮನ ಹತ್ತಿರ ಉಚಲ್ ತಗೊಂಡಿರ್ತಿದ್ದರು. ಗಂಡ ಹೆಂಡತಿ ಇಬ್ಬರು ಸೇರಿ ಒಂದು ಕೋಯ್ತಾ. ನೋಡ್ರಿ, ಕೂಲಿ ಲೆಕ್ಕದಲ್ಲಿ ಇಬ್ಬರು ಮನುಷ್ಯರ ಹೆಸರು ಒಂದು ಕುಡುಗೋಲು. ನಾನು ಅಜ್ಜಿಯ ಹತ್ತಿರ ಉಳಿದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದೆ. ಹತ್ತನೇ ಆದ ಮೇಲೆ ಐಟಿಐ. ಅಲ್ಲಿ ಎಲ್ಲ ಮರಾಠಿ. ಮೊದಲ ಆರು ತಿಂಗಳು ಮಾಸ್ತರು ಹೇಳಿದ್ದು ಅರ್ಧ ತಲೆಗೆ ಹೋಗ್ತಿರಲಿಲ್ಲ. ವರ್ಗದಲ್ಲಿ ಬಾಯಿ ತೆರೆದರೆ ಹುಡುಗರು ನಗ್ತಿದ್ದರು. ಆದರೆ ವೈರಿಗೆ ಭಾಷೆ ಇಲ್ಲ. ಬಲ್ಬು ಹತ್ತಿದರೆ ಹತ್ತಿತು, ಇಲ್ಲಾಂದರೆ ಇಲ್ಲ. ಅದೇ ನನ್ನನ್ನು ಉಳಿಸಿತು.

ಆಮೇಲೆ ಪುಣೆ ಕಡೆ ಒಂದು ಕಾರಖಾನೆಯಲ್ಲಿ ಗುತ್ತಿಗೆ ಕೆಲಸ. ಮೂರು ವರ್ಷ ಒಂದೇ ಜಾಗದಲ್ಲಿ ನಿಂತು ಒಂದೇ ನಟ್ಟು ಬಿಗಿದೆ. ಗುತ್ತಿಗೆ ಮುಗಿಯಿತು ಅಂತ ಒಂದು ಶನಿವಾರ ಗೇಟಿನಲ್ಲೇ ಕಾರ್ಡು ಕಸಿದುಕೊಂಡರು. ಊರಿಗೆ ಬಂದೆ. ಆರು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಯಾರಾದರೂ 'ಏನ್ ಮಾಡಾಕತ್ತೀಯೋ ತಮ್ಮಾ' ಅಂತ ಕೇಳಿದರೆ ಮೈ ಉರೀತಿತ್ತು. ನಿಮ್ಮಲ್ಲಿ ಕೆಲವರಿಗೆ ಆ ಉರಿ ಗೊತ್ತದೆ. ಬದುಕೇ ಬೇಡ ಅನಿಸಿದ ರಾತ್ರಿಗಳೂ ಇದ್ದವು. ಇದನ್ನು ಇವತ್ತು ಮೊದಲ ಸಲ ಎಲ್ಲರ ಮುಂದೆ ಹೇಳ್ತಿದೀನಿ. ಯಾಕಂದರೆ ಹಂಗೆ ಅನಿಸಿದವರು ಒಬ್ಬರೇ ಕೂಡಬಾರದು, ಸಂಘಕ್ಕೆ ಬಂದು ಬಾಯಿ ಬಿಡಬೇಕು.

ನನ್ನನ್ನು ಹೊರಗೆ ಎಳೆದದ್ದು ನಮ್ಮ ಉಸ್ತಾದರು. ತಾಲೂಕಿನಲ್ಲಿ ರಿವೈಂಡಿಂಗ್ ಮಾಡುತ್ತಿದ್ದ ವಯಸ್ಸಾದ ಮುಸಲ್ಮಾನರು. ಅಪ್ಪ ಅವರ ಪರಿಚಯದವರು. "ಕಣ್ಣಿಗೆ ಕಾಣ್ಸಲ್ಲ ಈಗ, ಒಬ್ಬ ಹುಡುಗ ಬೇಕು" ಅಂದರಂತೆ. ಹೋದೆ.

ಸುಟ್ಟ ಮೋಟಾರು ಬಿಚ್ಚಿದಾಗ ಒಂದು ವಾಸನೆ ಬರ್ತದೆ. ಉಸ್ತಾದರು ವಾಸನೆ ಮೇಲೇ ಹೇಳ್ತಿದ್ದರು, ಇದು ಒಂದು ಫೇಸು ಹೋಗಿ ಸುಟ್ಟದ್ದು, ಇದು ನೀರಿಲ್ಲದ ಬಾವಿಯಲ್ಲಿ ಓಡಿ ಸುಟ್ಟದ್ದು ಅಂತ. ಹಳೇ ಸುರುಳಿ ಕತ್ತರಿಸುವ ಮೊದಲು ಅದರ ಸುತ್ತು ಎಣಿಸಬೇಕು, ತಂತಿಯ ದಪ್ಪ ಅಳೀಬೇಕು. ಕಬ್ಬಿಣದ ಗಾಳಿಗಳಲ್ಲಿ ಹೊಸ ಕಾಗದ ಹಾಸಬೇಕು. ಅಷ್ಟೇ ಸುತ್ತಿನ ಹೊಸ ಸುರುಳಿ ಸುತ್ತಿ, ಒಂದೊಂದೇ ತಂತಿ ಗಾಯ ಆಗದಂಗೆ ಇಳಿಸಬೇಕು. ಜೋಡಣೆ ಮಾಡಿ, ವಾರ್ನಿಷ್ ಹಾಕಿ, ಒಣಗಿಸಿ, ಸೀರೀಸ್ ಲ್ಯಾಂಪ್ ಹಚ್ಚಿ ನೋಡಬೇಕು. ಎಂಬತ್ತು ಸುತ್ತು ಇರುವಲ್ಲಿ ಎಪ್ಪತ್ತೈದು ಹಾಕಿದರೆ ಗಿರಾಕಿಗೆ ಗೊತ್ತಾಗಲ್ಲ, ತಾಮ್ರ ಉಳೀತದೆ. ಆದರೆ ಬ್ಯಾಸಿಗೆಯಲ್ಲಿ ಮೋಟಾರಿಗೆ ಗೊತ್ತಾಗ್ತದೆ.

ನಾನು ಒಬ್ಬನೇ ಮಾಡಿದ ಮೊದಲ ಮೋಟಾರಿನಲ್ಲಿ ಒಂದು ಸುರುಳಿ ಉಲ್ಟಾ ಜೋಡಿಸಿದ್ದೆ. ಹೊಲದಲ್ಲಿ ಚಾಲೂ ಮಾಡಿದರೆ ಗುಂಯ್ ಅಂತು, ಹೊಗೆ ಬಂತು. ನಾನು ಉಸ್ತಾದರಿಗೆ, "ಕರೆಂಟಿನ ತಪ್ಪು ಅಂತ ಹೇಳಿಬಿಡೋಣ, ರೈತನಿಗೇನು ತಿಳೀತದ" ಅಂದೆ. ಅವರು ಬೈಯಲಿಲ್ಲ. "ತಪ್ಪು ಮುಚ್ಚಿದ ದಿನ ನೀನು ಕಲಿಯೋದು ನಿಂತ್ತು ಬೇಟಾ" ಅಂದರು. ರೈತನ ಮುಂದೆ ನಿಂತು ನನ್ನ ತಪ್ಪು ಅಂತ ಹೇಳಿಸಿದರು. ನನ್ನ ರೊಕ್ಕದ ತಾಮ್ರ ಹಾಕಿ ಮತ್ತೆ ಕಟ್ಟಿದೆ. ಮೂರು ದಿನ ಆದ ಮೇಲೆ ಅದೇ ಹೊಲದಲ್ಲಿ ಮೋಟಾರು ಸದ್ದಿಲ್ಲದೆ ತಿರುಗಿ, ಪೈಪಿನ ಬಾಯಿಂದ ನೀರು ಬಂದು ಜೋಳದ ಸಾಲಿಗೆ ಹರಿಯಿತು. ಅವತ್ತು ನನಗಾದ ಖುಷಿ ಪುಣೆಯ ಮೂರು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ. ಪಗಾರು ಅಲ್ಲೇ ಹೆಚ್ಚಿತ್ತು. ಆದರೆ ಅಲ್ಲಿ ನಾನು ಬಿಗಿದ ನಟ್ಟು ಎಲ್ಲಿಗೆ ಹೋಯಿತು ನನಗೆ ಗೊತ್ತಿಲ್ಲ. ಇಲ್ಲಿ ನೀರು ಎಲ್ಲಿಗೆ ಹೋಯಿತು ಗೊತ್ತದೆ.

ಹಂಗಂತ ಎಲ್ಲ ಸುಖವಾಗಿ ಮುಗೀತು ಅಂತ ತಿಳೀಬೇಡ್ರಿ. ಅಂಗಡಿ ಹಾಕಿದ ಹೊಸತರಲ್ಲಿ ಮನೆ ವೈರಿಂಗ್ ಕೆಲಸಾನೂ ಹಿಡೀತಿದ್ದೆ. ಒಂದು ಊರಲ್ಲಿ ಅರ್ಧ ಮನೆಗೆ ಪಟ್ಟಿ ಹೊಡೆದಿದ್ದೆ. ಮಧ್ಯಾಹ್ನ ಮನೆಯ ಯಜಮಾನರು, "ನೀ ಯಾವ ಓಣಿಯವನೋ ತಮ್ಮಾ?" ಅಂದರು. ಹೇಳಿದೆ. ಒಂದು ಗಳಿಗೆ ಸುಮ್ಮನಾಗಿ, "ಅಡಿಗಿಮನಿ ಒಂದ್ ಬಿಡು, ಅದನ್ ಬ್ಯಾರೆಯವರ ಕಡೆ ಮಾಡಿಸ್ತೀವಿ" ಅಂದರು. ಅರ್ಥಿಂಗ್ ತಂತಿ ಅಡಿಗೆಮನೆ ದಾಟಿ ಹೋಗಬೇಕಿತ್ತು. ನಾನು, "ಅಪ್ಪಾರ, ಕರೆಂಟು ಅಡಿಗಿಮನಿ ದೇವರಮನಿ ನೋಡೂದಿಲ್ಲ. ಮಾಡಿದ್ರ ಇಡೀ ಮನಿ ಮಾಡ್ತೀನಿ, ಇಲ್ಲಾಂದ್ರ ಇಷ್ಟಕ್ಕ ಲೆಕ್ಕ ಮಾಡಿ ಕೊಡ್ರಿ" ಅಂದೆ. ಲೆಕ್ಕ ಮಾಡಿ ಕೊಟ್ಟರು. ಸೈಕಲ್ ಹತ್ತಿ ಬರುವಾಗ ಕೈ ನಡುಗುತ್ತಿತ್ತು. ಆದರೆ ಅವತ್ತು ನನ್ನ ಅಜ್ಜನ ನೆನಪಾಯಿತು. ಅಜ್ಜನಿಗೆ ಇಲ್ಲದ ಒಂದು ವಸ್ತು ನನ್ನ ಹತ್ತಿರ ಇತ್ತು. ಕೆಲಸ ಬಿಟ್ಟು ಎದ್ದು ಬರುವ ತಾಕತ್ತು. ಅದನ್ನು ಕೊಟ್ಟದ್ದು ಹಸ್ತಕಲೆ ಒಂದೇ ಅಲ್ಲ, ಕಾನೂನು ಮತ್ತು ಚಳವಳಿ ಕೂಡ.

ಮುಂಬಯಿ ಗಿರಣಿಗಳ ಕತೆ ಇದಕ್ಕೆ ಹೊಂದ್ತದೆ. ಅಲ್ಲಿ ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಲಾಳಿಯ ದಾರ ಕಡಿದರೆ ಬಾಯಿಂದ ಎಳೆದು ಪೋಣಿಸಬೇಕಿತ್ತು. ಎಂಜಲು ಆಗ್ತದೆ ಅಂತ ನಮ್ಮವರನ್ನು ಆ ವಿಭಾಗಕ್ಕೆ ಬಿಡುತ್ತಿರಲಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಕೈಯಲ್ಲಿ ಕಲೆ ಇದ್ದರೂ ಬಾಗಿಲು ಮುಚ್ಚಿದ್ದರೆ ಏನು ಮಾಡೋದು? ಅದಕ್ಕೇ ಒಬ್ಬ ಮನುಷ್ಯನ ಹುಷಾರಿ ಸಾಲದು, ಸಂಘ ಬೇಕು. ಮುಂದೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರಖಾನೆ ದುಡಿಮೆಯನ್ನು ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿಸುವ ತಿದ್ದುಪಡಿ ಅವರೇ ತಂದರು. ದಿನಕ್ಕೆ ಎಂಟು ತಾಸು ಅಂತ ನಾವು ಇವತ್ತು ಸಲೀಸಾಗಿ ಹೇಳ್ತೀವಿ. ಉಳಿದ ತಾಸುಗಳು ಮನುಷ್ಯನವು, ಓದಲಿಕ್ಕೆ, ಮಕ್ಕಳ ಜೊತೆ ಇರಲಿಕ್ಕೆ. ಸುಖದಲ್ಲಿ ಅದೂ ಒಂದು ಪಾಲು.

ಈಗ ಕೆಲವು ಕಿವಿಮಾತು. ಹಿರಿಯರು ಬೇಸರ ಮಾಡಿಕೊಳ್ಳಬಾರದು.

ಭರತಿಗೆ ತಯಾರಿ ಮಾಡುವ ತಮ್ಮಂದಿರೇ, ಬೆಳಗಿನ ನಾಲ್ಕಕ್ಕೆ ಎದ್ದು ನೀವು ಓಡೋದು ನಾನು ನೋಡ್ತೀನಿ. ಬಹಳ ಹೆಮ್ಮೆ ಆಗ್ತದೆ. ಸರಕಾರಿ ನೌಕರಿ ನಮ್ಮ ಹಕ್ಕು, ಬಿಡಬೇಡ್ರಿ. ಪುಣೆಯ ಬಾರ್ಟಿ ಸಂಸ್ಥೆ ನಡೆಸುವ ಪುಕ್ಕಟೆ ತರಬೇತಿಗೆ ಅರ್ಜಿ ಹಾಕ್ರಿ. ಆದರೆ ಎಷ್ಟು ವರ್ಷ ಅಂತ ಮೊದಲೇ ನಿಮಗೆ ನೀವೇ ಒಂದು ಗೆರೆ ಹಾಕಿಕೊಳ್ರಿ. ನಮ್ಮ ಓಣಿಯ ಒಬ್ಬ ಹುಡುಗ ಎಂಟು ವರ್ಷ ಅದೊಂದೇ ಹಿಡಿದ. ಎರಡು ಸಲ ಒಂದೆರಡು ಅಂಕದಲ್ಲಿ ಹೋಯಿತು. ಈಗ ಅವನಿಗೆ ವಯಸ್ಸಿನ ಮಿತಿ ಮುಗಿದಿದೆ, ಮಂದಿ ಮುಖ ನೋಡೋದಿಲ್ಲ. ತಪ್ಪು ಅವನದಲ್ಲ. ಜಾಗ ಕಡಿಮೆ, ಓಡುವವರು ಬಹಳ. ಓದುತ್ತಲೇ ಕೈಗೊಂದು ಕಸುಬು ಕಲಿತುಕೊಂಡರೆ ಆ ಓದು ಹಾಳಾಗೋದಿಲ್ಲ, ಮನಸ್ಸೂ ಮುರಿಯೋದಿಲ್ಲ.

ಐಟಿಐ ಆದವರೇ, ಅಪ್ರೆಂಟಿಸ್ ಕಾಯಿದೆ 1961ರಿಂದ ಇದೆ. ಅದರ ಕೆಳಗೆ ಕಲಿಯುವಾಗ ವೇತನ ಕೊಡಲೇಬೇಕು. ಕಾರಖಾನೆಗೆ ಹೋದರೆ ಪಿಎಫ್ ನಂಬರು ಕೇಳ್ರಿ, ಇಎಸ್ಐ ಕಾರ್ಡು ಕೇಳ್ರಿ. ಕೇಳಲಿಕ್ಕೆ ನಾಚಿಕೆ ಬೇಡ. ನಾನು ಕೇಳಲಿಲ್ಲ, ಮೂರು ವರ್ಷದ ದುಡಿಮೆಗೆ ಒಂದು ಚೀಟಿ ಇಲ್ಲದಂಗೆ ಹೊರಗೆ ಬಂದೆ. ಸ್ವಂತ ಧಂದೆ ಮಾಡುವವರಿಗೆ ಮಹಾತ್ಮಾ ಫುಲೆ ಮಹಾಮಂಡಳದ ಸಾಲ ಇದೆ. ವಸತಿಗೃಹ ಸಿಗದ ಕಾಲೇಜು ಹುಡುಗರಿಗೆ ಸ್ವಾಧಾರ ಯೋಜನೆ ಇದೆ. ಕಾಗದಪತ್ರ ತಿಳಿಯದಿದ್ದರೆ ರವಿವಾರ ಅಂಗಡಿಗೆ ಬರ್ರಿ, ಕೂತು ಮಾಡೋಣ.

ತಂಗಿಯರೇ, ನಿಮಗೆ ಒಂದು ಬೇರೆ ಮಾತು. ನನ್ನ ಅಂಗಡಿಯಲ್ಲಿ ಈಗ ಮೂವರು ಕಲೀತಿದ್ದಾರೆ, ಅದರಲ್ಲಿ ಒಬ್ಬಾಕಿ ಹುಡುಗಿ. ಮೊದಮೊದಲು ಗಿರಾಕಿಗಳು, "ಹೆಣ್ಣಹುಡುಗಿ ಮೋಟಾರ ಕಟ್ತಾಳಾ?" ಅಂದರು. ಅವಳ ಸುತ್ತಿನ ಲೆಕ್ಕ ಒಂದು ಸಲಾನೂ ತಪ್ಪಿಲ್ಲ. ಈಗ ಕೆಲವರು ಅವಳ ಕಡೆನೇ ಕೊಡ್ರಿ ಅಂತಾರೆ. ಮನೆ ಕೆಲಸ, ಹೊಲದ ಕೆಲಸ ಎರಡೂ ನಿಮ್ಮ ಹುಟ್ಟಿಗೇ ಬರೆದಿಟ್ಟಿದ್ದಾರಲ್ಲ, ಅದೂ ಒಂದು ವತನ. ಅದನ್ನು ರದ್ದು ಮಾಡುವ ಮಸೂದೆ ಮನೆಯೊಳಗೇ ಮಂಡಿಸಬೇಕು. ಅಣ್ಣತಮ್ಮಂದಿರು ಕೈ ಎತ್ತಬೇಕು.

ಅಪ್ಪ ಅವ್ವಂದಿರೇ, ನಿಮಗೆ ಕೈಮುಗಿದು ಒಂದು ಮಾತು. ಮಗ ಏನು ಕೆಲಸ ಮಾಡಾಕತ್ತಾನ ಅಂತ ಮಂದಿ ಕೇಳಿದಾಗ ತಲೆ ತಗ್ಗಿಸಬೇಡ್ರಿ. ಬಣ್ಣ ಹಚ್ಚಲಿ, ಗಾಡಿ ಓಡಿಸಲಿ, ದವಾಖಾನೆಯಲ್ಲಿ ದುಡಿಯಲಿ. ಎರಡೇ ಪ್ರಶ್ನೆ ಕೇಳ್ರಿ. ಅವನು ಇದನ್ನು ತಾನೇ ಆರಿಸಿಕೊಂಡನಾ? ಅಲ್ಲಿ ಅವನಿಗೆ ಮನುಷ್ಯನ ಮರ್ಯಾದೆ ಇದೆಯಾ? ಎರಡಕ್ಕೂ ಹೌದು ಅಂದರೆ ಅವನ ಬೆನ್ನು ತಟ್ರಿ. ಎರಡನೆಯದಕ್ಕೆ ಇಲ್ಲ ಅಂದರೆ ಅವನ ಜೊತೆ ನಿಲ್ರಿ.

ಕೊನೆಗೆ ಒಂದು. ಈ ಸಮಾಜ ಮಂದಿರದ ಅಭ್ಯಾಸಿಕೆಗೆ ಹೋದ ಮಳೆಗಾಲದಲ್ಲಿ ನಾವೇ ಹುಡುಗರು ಸೇರಿ ವೈರಿಂಗ್ ಮಾಡಿದೆವು. ಕೂಲಿ ಇಲ್ಲ, ಅವ್ವಂದಿರು ತಂದ ಚಹಾ ಅಷ್ಟೇ. ಈಗ ರಾತ್ರಿ ಹನ್ನೊಂದರ ತನಕ ಅಲ್ಲಿ ದೀಪ ಇರ್ತದೆ. ಅಂಗಡಿ ಮುಚ್ಚಿ ಬರುವಾಗ ದೂರದಿಂದಲೇ ಕಾಣ್ತದೆ. ಒಳಗೆ ಯಾರಾದರೂ ಓದುತ್ತಿರ್ತಾರೆ. ನಾನು ಗಾಡಿ ನಿಲ್ಲಿಸಿ ಒಂದು ಗಳಿಗೆ ನೋಡಿ ಹೋಗ್ತೀನಿ.

ಈ ಸಭೆಗೆ ಬರುವ ಮುಂದೆ ಅವ್ವ, "ಏನ್ ಹೇಳ್ತೀಯೋ ಅಷ್ಟ್ ಮಂದಿ ಮುಂದ?" ಅಂದಳು. "ನೀ ಹೇಳಿದ್ದನ್ನೇ ಹೇಳ್ತೀನಿ ಅವ್ವಾ" ಅಂದೆ. ಅವಳಿಗೆ ಕೆಲಸ ಮುಗಿದಾಗ ಮಾತ್ರ ಖುಷಿ ಇತ್ತು. ನನಗೆ ಕೆಲಸ ಮಾಡುವಾಗಲೂ ಒಂದಿಷ್ಟು ಸಿಕ್ಕಿದೆ. ನಿಮಗೆ, ಕೆಲಸ ಆರಿಸಿಕೊಳ್ಳುವಾಗಲೇ ಸಿಗಲಿ.

ಜೈ ಭೀಮ್.